ಕಂಪವಾತವನ್ನು ಕಂಡ ವೈದ್ಯ: ಜೇಮ್ಸ್ ಪಾರ್ಕಿನ್‌ಸನ್

ಊರಿಗೆ ಉಪಕಾರ ಮಾಡಿದವರ ಹೆಸರನ್ನು ಕೆರೆಗೋ ಬೀದಿಗೋ ಶಾಲೆಗೋ ಇಡುವುದು ಲೋಕದ ರೂಢಿ. ವೈದ್ಯರ ಪಾಡು ಬೇರೆ. ಅವರಲ್ಲಿ ಕೆಲವರ ಹೆಸರು ಅವರು ಗುರುತಿಸಿದ ರೋಗಕ್ಕೇ ಅಂಟಿಕೊಂಡು, ಜನರ ಬಾಯಲ್ಲಿ ಭಯದ ಮಾತಾಗಿ ಉಳಿದುಬಿಡುತ್ತದೆ. ಪಾರ್ಕಿನ್‌ಸನ್ ಎಂಬ ಹೆಸರು ಇಂದು ನಮಗೆ ಕೇಳಿಸುವುದು ಹೀಗೆಯೇ. ಕೈ ನಡುಗುವ ಮುದುಕರನ್ನು ಕಂಡಾಗ ಆ ಹೆಸರನ್ನು ಉಚ್ಚರಿಸುತ್ತೇವೆ. ಆದರೆ ಅದು ಒಬ್ಬ ಮನುಷ್ಯನ ಹೆಸರೆಂಬುದನ್ನೂ, ಆ ಮನುಷ್ಯ ರೋಗವೊಂದನ್ನು ಗುರುತಿಸಿದ್ದಲ್ಲದೆ ಮತ್ತೆಷ್ಟೋ ಕೆಲಸಗಳಲ್ಲಿ ತೊಡಗಿ ತುಂಬು ಬಾಳನ್ನು ಬಾಳಿದನೆಂಬುದನ್ನೂ ನೆನೆಯುವವರು ವಿರಳ.

ನಾನು ಕಲಾವಿಭಾಗದ ವಿದ್ಯಾರ್ಥಿ. ವೈದ್ಯಶಾಸ್ತ್ರದಲ್ಲಿ ನನಗೆ ಪಾಂಡಿತ್ಯವಿಲ್ಲ. ಇತಿಹಾಸದ ಪಾಠದಲ್ಲಿ ಫ್ರಾನ್ಸಿನ ಮಹಾಕ್ರಾಂತಿಯ ಕಾಲದ ಇಂಗ್ಲೆಂಡನ್ನು ಓದುತ್ತಿದ್ದಾಗ ಈತನ ಹೆಸರು ಎದುರಾಯಿತು. ರಾಜಕಾರಣದ ಪುಟಗಳಲ್ಲಿ ಕಾಣಿಸಿಕೊಂಡ ಈ ಪಾರ್ಕಿನ್‌ಸನ್ನನೂ ರೋಗದ ಪಾರ್ಕಿನ್‌ಸನ್ನನೂ ಒಬ್ಬನೇ ಎಂದು ತಿಳಿದಾಗ ನನಗಾದ ಆಶ್ಚರ್ಯವೇ ಈ ಲೇಖನಕ್ಕೆ ಮೂಲ. ಓದುತ್ತ ಹೋದಂತೆ ಆತನ ಕಾಲದ ಪ್ರಶ್ನೆಯೊಂದು ನಮ್ಮ ಕಾಲದ ರಕ್ತಪರೀಕ್ಷೆಯವರೆಗೂ ನಡೆದುಬಂದಿರುವುದು ಕಂಡಿತು. ಅದನ್ನೂ ಸಹಪಾಠಿ ಮಿತ್ರರ ಮುಂದಿಡಬೇಕೆಂದು ನನ್ನ ಆಸೆ.

ಜೇಮ್ಸ್ ಪಾರ್ಕಿನ್‌ಸನ್ ಹುಟ್ಟಿದ್ದು ೧೭೫೫ನೆಯ ಇಸವಿ ಏಪ್ರಿಲ್ ೧೧ರಂದು, ಲಂಡನ್ ನಗರದ ಅಂಚಿಗಿದ್ದ ಹಾಕ್ಸ್‌ಟನ್ ಎಂಬಲ್ಲಿ. ತಂದೆ ಜಾನ್ ಪಾರ್ಕಿನ್‌ಸನ್ ಅಲ್ಲಿಯ ವೈದ್ಯ. ಔಷಧಿಯನ್ನು ತಾನೇ ಅರೆದು ಕಲಸಿ ಕೊಡುತ್ತ, ಅಗತ್ಯ ಬಿದ್ದಾಗ ಶಸ್ತ್ರಚಿಕಿತ್ಸೆಯನ್ನೂ ಮಾಡುತ್ತಿದ್ದ ವರ್ಗಕ್ಕೆ ಸೇರಿದವನು. ವಿಶ್ವವಿದ್ಯಾನಿಲಯದ ಪದವಿ ಪಡೆದು ಶ್ರೀಮಂತರ ನಾಡಿ ಹಿಡಿಯುತ್ತಿದ್ದ ದೊಡ್ಡ ವೈದ್ಯರು ಬೇರೆಯೇ ಇದ್ದರು. ಮಗನೂ ತಂದೆಯ ಹಾದಿಯನ್ನೇ ಹಿಡಿದನು. ಲಂಡನ್ ಆಸ್ಪತ್ರೆಯಲ್ಲಿ ೧೭೭೬ರಲ್ಲಿ ಕೆಲವು ತಿಂಗಳು ಕಲಿತು, ತಂದೆಯ ಕೈಕೆಳಗೆ ಪಳಗಿ, ತಂದೆ ತೀರಿಕೊಂಡ ೧೭೮೪ರಲ್ಲೇ ಶಸ್ತ್ರವೈದ್ಯನೆಂಬ ಅಂಗೀಕಾರವನ್ನು ಪಡೆದನು. ಹುಟ್ಟಿದ ಪ್ರದೇಶವನ್ನು ಬಿಟ್ಟು ಆತ ಬೇರೆಡೆ ನೆಲೆಸಲೇ ಇಲ್ಲ. ಹಾಕ್ಸ್‌ಟನ್ ಆಗ ಹಳ್ಳಿಯ ಲಕ್ಷಣವನ್ನು ಕಳೆದುಕೊಂಡು, ಕೂಲಿಕಾರರೂ ಬಡವರೂ ಕಿಕ್ಕಿರಿದ ಬಡಾವಣೆಯಾಗುತ್ತಿದ್ದ ಕಾಲ. ಆತನ ರೋಗಿಗಳು ಆ ಜನರೇ.

ಯೌವನದ ಒಂದು ಪ್ರಸಂಗವನ್ನು ಇಲ್ಲಿ ಹೇಳಬೇಕು. ೧೭೭೭ರಲ್ಲಿ, ನೇಣು ಹಾಕಿಕೊಂಡು ಸತ್ತನೆಂದು ಎಲ್ಲರೂ ತಿಳಿದ ಒಬ್ಬ ಮನುಷ್ಯನನ್ನು ಆತನು ಉಪಚರಿಸಿ ಬದುಕಿಸಿದನು. ಅದಕ್ಕಾಗಿ ರಾಯಲ್ ಹ್ಯೂಮೇನ್ ಸೊಸೈಟಿ ಆತನಿಗೆ ಬೆಳ್ಳಿಯ ಪದಕ ಕೊಟ್ಟಿತು. ಆಗ ಆತನಿಗೆ ಇಪ್ಪತ್ತೆರಡು ವರ್ಷ. ೧೭೮೫ರಲ್ಲಿ ಪ್ರಸಿದ್ಧ ಶಸ್ತ್ರವೈದ್ಯ ಜಾನ್ ಹಂಟರನ ಉಪನ್ಯಾಸಗಳನ್ನು ಕೇಳಿ, ಶೀಘ್ರಲಿಪಿಯಲ್ಲಿ ಬರೆದುಕೊಂಡನು. ಆ ಟಿಪ್ಪಣಿಗಳನ್ನು ಆತನ ಮರಣಾನಂತರ ೧೮೩೩ರಲ್ಲಿ ಮಗನು ಪ್ರಕಟಿಸಿದನು. ನಾವು ತರಗತಿಯಲ್ಲಿ ಗೀಚುವ ಟಿಪ್ಪಣಿಗಳಿಗೆ ಅಂಥ ಭಾಗ್ಯ ಎಲ್ಲಿಯದು! ೧೭೮೭ರಲ್ಲಿ ಸಿಡಿಲು ಬಡಿದವರ ಮೇಲೆ ಆಗುವ ಪರಿಣಾಮವನ್ನು ಕುರಿತು ಲಂಡನ್ನಿನ ವೈದ್ಯಕೀಯ ಸಂಘದ ಮುಂದೆ ಒಂದು ಪ್ರಬಂಧವನ್ನೂ ಮಂಡಿಸಿದನು. ಕಣ್ಣಿಗೆ ಬಿದ್ದುದನ್ನು ಬಿಡದೆ ನೋಡಿ, ನೋಡಿದುದನ್ನು ಬರೆದಿಡುವ ಅಭ್ಯಾಸ ಆತನಲ್ಲಿ ಅಷ್ಟು ಹಿಂದೆಯೇ ಬೇರೂರಿತ್ತೆಂಬುದು ಇದರಿಂದ ತಿಳಿಯುತ್ತದೆ.

೧೭೮೯ರಲ್ಲಿ ಫ್ರಾನ್ಸಿನಲ್ಲಿ ಕ್ರಾಂತಿಯಾಯಿತು. ಇಂಗ್ಲೆಂಡಿನ ಅಧಿಕಾರಿವರ್ಗ ಅದರ ಕಿಡಿ ತಮ್ಮ ಮನೆಗೂ ಹಾರೀತೆಂದು ನಡುಗಿತು. ಆಗ ಇಂಗ್ಲೆಂಡಿನ ಪಾರ್ಲಿಮೆಂಟಿಗೆ ಮತ ಕೊಡುವ ಹಕ್ಕು ಕೆಲವೇ ಮಂದಿಗೆ ಇದ್ದಿತು. ಎಲ್ಲ ಗಂಡಸರಿಗೂ ಮತದಾನ ಬೇಕೆಂದು ಕೇಳುತ್ತಿದ್ದ ಲಂಡನ್ ಕರೆಸ್ಪಾಂಡಿಂಗ್ ಸೊಸೈಟಿಗೆ ನಮ್ಮ ವೈದ್ಯನು ಸದಸ್ಯನಾದನು. ಎಡ್ಮಂಡ್ ಬರ್ಕನು ಸಾಮಾನ್ಯ ಜನರನ್ನು ಹಂದಿಗಳ ಹಿಂಡಿಗೆ ಹೋಲಿಸಿ ಬರೆದಿದ್ದನು. ಅದಕ್ಕೆ ಉತ್ತರವಾಗಿ ಪಾರ್ಕಿನ್‌ಸನ್ನನು ಆ ಹಂದಿಗಳ ಪರವಾಗಿಯೇ ೧೭೯೩ರಲ್ಲಿ ಒಂದು ಕಿರುಹೊತ್ತಗೆ ಬರೆದನು. ಮುದಿ ಹ್ಯೂಬರ್ಟ್ ಎಂಬ ಕಾವ್ಯನಾಮದಲ್ಲಿ ಇಂಥ ಹಲವು ಹೊತ್ತಗೆಗಳು ಹೊರಬಂದವು. ಬಡವರ ಮೇಲಿನ ತೆರಿಗೆ, ಸೆರೆಮನೆ, ಚುನಾವಣೆಯ ಅನ್ಯಾಯ ಇವೇ ಅವುಗಳ ವಿಷಯ. ಆದರೆ ರಕ್ತಪಾತ ಆತನಿಗೆ ಬೇಡವಾಗಿತ್ತು. ದಂಗೆಗಿಂತ ಸುಧಾರಣೆಯೇ ಮೇಲೆಂದು ಆತನು ವಾದಿಸಿದನು.

೧೭೯೪ರಲ್ಲಿ ಪ್ರಾಣಕ್ಕೆ ಸಂಚಕಾರ ಬರುವಂಥ ಸಂದರ್ಭವೊಂದು ಒದಗಿತು. ನಾಟಕಶಾಲೆಯಲ್ಲಿ ಮೂರನೆಯ ಜಾರ್ಜ್ ದೊರೆಯನ್ನು ಗಾಳಿಕೋವಿಯಿಂದ ವಿಷದ ಬಾಣ ಬಿಟ್ಟು ಕೊಲ್ಲಲು ಸಂಚು ನಡೆದಿದೆಯೆಂದು ಸರ್ಕಾರ ಸೊಸೈಟಿಯ ಕೆಲವರನ್ನು ಸೆರೆಹಿಡಿಯಿತು. ಪಾರ್ಕಿನ್‌ಸನ್ನನು ಪ್ರಧಾನಿ ಪಿಟ್ಟನಿದ್ದ ಪ್ರಿವಿ ಕೌನ್ಸಿಲಿನ ಮುಂದೆ ನಿಂತು, ಪ್ರಮಾಣಮಾಡಿ ಸಾಕ್ಷ್ಯ ನುಡಿದನು. ತನ್ನ ಮಾತೇ ತನಗೆ ಉರುಳಾಗುವಂತೆ ಮಾಡಬಾರದೆಂದು ಮೊದಲು ಖಚಿತಪಡಿಸಿಕೊಂಡು, ಆ ಬಳಿಕ ಸ್ನೇಹಿತರ ಪರವಾಗಿ ನಿಂತನು. ಹೊತ್ತಗೆಗಳನ್ನು ಬರೆದವನು ತಾನೇ ಎಂಬುದನ್ನೂ ಮುಚ್ಚಿಡಲಿಲ್ಲ. ಸಂಚಿನ ಮೊಕದ್ದಮೆ ೧೭೯೬ರಲ್ಲಿ ಬಿದ್ದುಹೋಯಿತು. ಹೆಂಡತಿ ಮಕ್ಕಳಿದ್ದ, ರೋಗಿಗಳು ಕೊಡುವ ಹಣದಿಂದಲೇ ಬದುಕಬೇಕಾಗಿದ್ದ ಒಬ್ಬ ಸಣ್ಣ ವೈದ್ಯನು ಅಂದಿನ ದಿನಗಳಲ್ಲಿ ಇಷ್ಟು ಧೈರ್ಯ ತೋರಿದುದು ಸಾಮಾನ್ಯ ಸಂಗತಿಯಲ್ಲ.

ಆಮೇಲೆ ಆತನು ರಾಜಕೀಯದ ಬರವಣಿಗೆಯನ್ನು ನಿಲ್ಲಿಸಿದನು. ಆದರೆ ಬಡವರ ಮೇಲಿನ ಕನಿಕರ ಬೇರೆ ಹಾದಿ ಹಿಡಿಯಿತು. ೧೭೯೯ರಲ್ಲಿ ಮನೆಮಂದಿಗೆಲ್ಲ ಉಪಯೋಗವಾಗುವ ವೈದ್ಯಕೀಯ ಸಲಹೆಗಳ ಪುಸ್ತಕ ಬಂತು. ೧೮೦೦ರಲ್ಲಿ ಹಳ್ಳಿಗರಿಗಾಗಿ ಇನ್ನೊಂದು. ಅದೇ ವರ್ಷ ಮಕ್ಕಳ ಆಟಗಳಲ್ಲಿ ಆಗುವ ಅಪಾಯಗಳನ್ನು ಕಥೆಯ ರೂಪದಲ್ಲಿ ತಿಳಿಸುವ ಮತ್ತೊಂದು. ರಸಾಯನಶಾಸ್ತ್ರವನ್ನು ಜೇಬಿನೊಳಗೆ ಹಿಡಿಸಿದಂಥ ಕೈಪಿಡಿಯೂ ಆಗಲೇ. ಹಗಲೆಲ್ಲ ರೋಗಿಗಳ ಮನೆಗಳಿಗೆ ತಿರುಗುತ್ತಿದ್ದವನಿಗೆ ಇಷ್ಟನ್ನೆಲ್ಲ ಬರೆಯಲು ಹೊತ್ತು ಎಲ್ಲಿಂದ ಸಿಕ್ಕಿತೋ!

ಇದರ ಜೊತೆಗೆ ಆತನಿಗೆ ಇನ್ನೊಂದು ಹುಚ್ಚು, ಕಲ್ಲುಗಳದು. ನೆಲದಡಿಯಲ್ಲಿ ಸಿಗುವ ಪ್ರಾಣಿ ಸಸ್ಯಗಳ ಶಿಲೀಭೂತ ಅವಶೇಷಗಳನ್ನು ಕೂಡಿಸಿ ಮನೆಯಲ್ಲೊಂದು ಸಂಗ್ರಹಾಲಯವನ್ನೇ ಮಾಡಿದ್ದನು. ಅವುಗಳನ್ನು ಕುರಿತು ೧೮೦೪, ೧೮೦೮ ಮತ್ತು ೧೮೧೧ರಲ್ಲಿ ಮೂರು ಸಂಪುಟಗಳ ಸಚಿತ್ರ ಗ್ರಂಥವನ್ನು ಪ್ರಕಟಿಸಿದನು. ೧೮೦೭ರ ನವೆಂಬರಿನಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘವನ್ನು ಸ್ಥಾಪಿಸಿದ ಹದಿಮೂರು ಮಂದಿಯಲ್ಲಿ ಆತನೂ ಒಬ್ಬ. ನಮ್ಮ ಮನೆಗಳ ದೇವರ ಪೆಟ್ಟಿಗೆಯಲ್ಲಿ ಪೂಜೆಗೊಳ್ಳುವ ಗಂಡಕೀ ನದಿಯ ಸಾಲಿಗ್ರಾಮಗಳ ಒಳಗಿನ ಸುರುಳಿ, ಅಮೊನೈಟ್ ಎಂಬ ಅಳಿದುಹೋದ ಕಡಲಜೀವಿಯದೆಂಬುದನ್ನು ಹಲವರು ಬಲ್ಲರು. ಆ ಅಮೊನೈಟುಗಳಲ್ಲೇ ಒಂದು ಕುಲಕ್ಕೆ ವಿಜ್ಞಾನಿಗಳು ಪಾರ್ಕಿನ್‌ಸೋನಿಯಾ ಎಂದು ಹೆಸರಿಟ್ಟಿದ್ದಾರೆ. ಬದುಕಿದ್ದ ಕಾಲದಲ್ಲಿ ಆತನ ಕೀರ್ತಿಗೆ ಕಾರಣವಾದದ್ದು ರೋಗವಲ್ಲ, ಈ ಕಲ್ಲುಗಳೇ. ೧೮೨೨ರಲ್ಲಿ ಶಸ್ತ್ರವೈದ್ಯರ ರಾಯಲ್ ಕಾಲೇಜು ತನ್ನ ಗೌರವ ಸುವರ್ಣಪದಕವನ್ನು ಮೊದಲಬಾರಿಗೆ ಕೊಟ್ಟದ್ದೂ ಈತನಿಗೇ.

೧೮೦೫ರಲ್ಲಿ ಆತನು ಬರೆದ ಪುಸ್ತಕವೊಂದನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. ಅದರ ವಿಷಯ ಗೌಟ್ ರೋಗ. ಕಾಲಿನ ಹೆಬ್ಬೆರಳ ಗಂಟು ರಾತ್ರೋರಾತ್ರಿ ಕೆಂಪೇರಿ, ಊದಿ, ಹೊದಿಕೆ ತಾಗಿದರೂ ಪ್ರಾಣಹೋಗುವಂತೆ ನೋಯುವ ರೋಗವಿದು. ನಮ್ಮ ಆಯುರ್ವೇದ ಇಂಥ ಲಕ್ಷಣಗಳನ್ನು ವಾತರಕ್ತವೆಂದು ಕರೆದಿದೆ. ರೋಗದ ಹೆಸರಿನಲ್ಲೇ ರಕ್ತವಿದೆ. ಪಾರ್ಕಿನ್‌ಸನ್ನನಿಗೂ ಆತನ ತಂದೆಗೂ ಈ ರೋಗವಿತ್ತು. ಸ್ವೀಡನ್ನಿನ ಷೀಲೆಯು ೧೭೭೬ರಲ್ಲಿ ಮೂತ್ರಾಶಯದ ಕಲ್ಲುಗಳಲ್ಲಿ ಯೂರಿಕ್ ಆಮ್ಲವನ್ನು ಕಂಡುಹಿಡಿದಿದ್ದನು. ಇಂಗ್ಲೆಂಡಿನ ವುಲಸ್ಟನ್ನನು ೧೭೯೭ರಲ್ಲಿ ಗೌಟ್ ರೋಗಿಗಳ ಗಂಟುಗಳಲ್ಲಿ ಅದರದೇ ಲವಣವನ್ನು ತೋರಿಸಿದ್ದನು. ಶರೀರದಲ್ಲಿ ಈ ಆಮ್ಲ ಮಿತಿಮೀರುವುದೇ ಗೌಟಿಗೆ ಕಾರಣವೆಂಬ ಮತವನ್ನು ಪಾರ್ಕಿನ್‌ಸನ್ನನು ಎತ್ತಿಹಿಡಿದು, ಆಹಾರದ ಕಟ್ಟುಪಾಡನ್ನೂ ಆಮ್ಲವನ್ನು ತಗ್ಗಿಸುವ ಸೋಡದಂಥ ಕ್ಷಾರಗಳನ್ನೂ ಹೇಳಿದನು. ರೋಗಿಯ ರಕ್ತದಲ್ಲಿಯೇ ಯೂರಿಕ್ ಆಮ್ಲ ಹೆಚ್ಚಾಗಿರುವುದನ್ನು ಆಲ್‌ಫ್ರೆಡ್ ಗ್ಯಾರಡನು ತೋರಿಸಿದ್ದು ೧೮೪೮ರಲ್ಲಿ, ನಮ್ಮ ವೈದ್ಯನು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ. ರಕ್ತದೊಳಗಿನ ಒಂದು ಪದಾರ್ಥವನ್ನು ಅಳೆದು ರೋಗವನ್ನು ಗುರುತಿಸುವ ಪದ್ಧತಿಯ ಮೊದಮೊದಲ ಹೆಜ್ಜೆಗಳಲ್ಲಿ ಇದೂ ಒಂದು. ಈ ಯೂರಿಕ್ ಆಮ್ಲವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದು ಮತ್ತೆ ಬರುತ್ತದೆ.

ಹಾಕ್ಸ್‌ಟನ್ನಿನಲ್ಲಿ ಹುಚ್ಚರನ್ನು ಇರಿಸುವ ಖಾಸಗಿ ಮನೆಗಳಿದ್ದವು. ಅಲ್ಲಿಯೂ ಪಾರ್ಕಿನ್‌ಸನ್ನನು ಚಿಕಿತ್ಸೆ ಮಾಡುತ್ತಿದ್ದನು. ಅಂಥ ಮನೆಗೆ ಒಬ್ಬ ಹೆಂಗಸನ್ನು ಸೇರಿಸಲು ಆತನು ಕೊಟ್ಟ ಪ್ರಮಾಣಪತ್ರ ೧೮೧೦ರಲ್ಲಿ ನ್ಯಾಯಾಲಯದಲ್ಲಿ ಟೀಕೆಗೆ ಗುರಿಯಾಯಿತು. ಮರುವರ್ಷ ಆತನು ಈ ಮನೆಗಳ ಮೇಲಿರಬೇಕಾದ ನಿಯಮಗಳನ್ನು ಕುರಿತು ಪುಸ್ತಕವನ್ನೇ ಬರೆದನು. ೧೮೧೨ರಲ್ಲಿ ಮಗನ ಜೊತೆಗೂಡಿ, ಅಪೆಂಡಿಕ್ಸ್ ತೂತುಬಿದ್ದು ಸತ್ತ ಐದು ವರ್ಷದ ಬಾಲಕನ ವೃತ್ತಾಂತವನ್ನು ಪ್ರಕಟಿಸಿದನು. ಇಂಗ್ಲಿಷಿನಲ್ಲಿ ಆ ರೋಗದ ಅತಿ ಹಳೆಯ ವರ್ಣನೆಗಳಲ್ಲಿ ಅದೂ ಒಂದೆಂದು ಎಣಿಸುತ್ತಾರೆ. ಷೋರ್ಡಿಚ್ ಪ್ಯಾರಿಷಿನ ಅನಾಥಾಲಯದ ಬಡರೋಗಿಗಳಿಗೂ ಆತನೇ ವೈದ್ಯ. ಜ್ವರದ ರೋಗಿಗಳನ್ನು ಬೇರೆ ಇರಿಸಬೇಕೆಂದು ಒತ್ತಾಯಿಸಿ ಅಲ್ಲಿ ಪ್ರತ್ಯೇಕ ವಾರ್ಡನ್ನು ಮಾಡಿಸಿದನು.

ಇನ್ನು ೧೮೧೭ಕ್ಕೆ ಬರೋಣ. ಪಾರ್ಕಿನ್‌ಸನ್ನನಿಗೆ ಆಗ ಅರವತ್ತೆರಡು ವರ್ಷ. ಆ ವರ್ಷ ಆತನು ನಡುಕದ ಪಾರ್ಶ್ವವಾಯುವನ್ನು ಕುರಿತು ೬೬ ಪುಟಗಳ ಒಂದು ಪ್ರಬಂಧವನ್ನು ಅಚ್ಚುಮಾಡಿಸಿದನು. ಅದರಲ್ಲಿ ಆರು ಮಂದಿ ರೋಗಿಗಳ ವೃತ್ತಾಂತವಿದೆ. ಆರೇ ಮಂದಿ! ಅವರಲ್ಲೂ ಎಲ್ಲರೂ ಆತನ ಬಳಿಗೆ ಚಿಕಿತ್ಸೆಗೆ ಬಂದವರಲ್ಲ. ಮೊದಲನೆಯವನು ಐವತ್ತು ದಾಟಿದ, ಮಿತವಾಗಿ ಬಾಳಿದ ಒಬ್ಬ ತೋಟಗಾರ. ಎರಡನೆಯವನು ಮ್ಯಾಜಿಸ್ಟ್ರೇಟರ ಕಚೇರಿಯಲ್ಲಿ ಸೇವಕನಾಗಿದ್ದ ಅರವತ್ತೆರಡರ ಮನುಷ್ಯ. ಮೂರನೆಯವನು ಹಿಂದೆ ನಾವಿಕನಾಗಿದ್ದವನು, ಸ್ಪೇನಿನ ಸೆರೆಯಲ್ಲಿ ತಿಂಗಳುಗಟ್ಟಲೆ ಒದ್ದೆ ನೆಲದ ಮೇಲೆ ಮಲಗಿದ್ದರಿಂದ ತನಗೆ ಈ ರೋಗ ಬಂತೆಂದು ನಂಬಿದವನು. ಈ ಇಬ್ಬರನ್ನೂ ಪಾರ್ಕಿನ್‌ಸನ್ನನು ಕಂಡದ್ದು ಬೀದಿಯಲ್ಲಿ. ಅವರನ್ನು ನಿಲ್ಲಿಸಿ ಮಾತನಾಡಿಸಿ ವಿವರ ತಿಳಿದುಕೊಂಡನು. ಐದನೆಯವನನ್ನಂತೂ ದೂರದಿಂದ ನೋಡಿದ್ದಷ್ಟೇ. ಆ ಮನುಷ್ಯನಿಗೆ ನಡೆಯಲು ತೊಡಗಿದರೆ ನಿಲ್ಲಲಾಗುತ್ತಿರಲಿಲ್ಲ. ಮುಂದಕ್ಕೆ ಬೀಳುವನೆಂದು ಸೇವಕನೊಬ್ಬನು ಎದುರಿಗೆ ನಿಂತು, ಹೆಗಲ ಮೇಲೆ ಕೈಯಿಟ್ಟು ಅವನನ್ನು ಆಧರಿಸಬೇಕಾಗಿತ್ತು. ಆರನೆಯವನು ಎಪ್ಪತ್ತೆರಡರ ಮುದುಕ. ಅವನಿಗೆ ಒಂದು ಪಕ್ಕಕ್ಕೆ ಲಕ್ವ ಹೊಡೆದಾಗ ಆ ಪಕ್ಕದ ನಡುಕ ನಿಂತಿತು. ಲಕ್ವ ವಾಸಿಯಾಗುತ್ತ ಬಂದ ಹಾಗೆ ನಡುಕವೂ ಮರಳಿತು.

ಈ ಆರು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ, ಇವು ಬೇರೆ ಬೇರೆಯಲ್ಲ, ಒಂದೇ ರೋಗದ ಬೇರೆ ಬೇರೆ ಮೆಟ್ಟಿಲುಗಳು ಎಂದು ಆತನು ಗುರುತಿಸಿದನು. ಇದೇ ಆತನ ದೊಡ್ಡ ಕಾಣಿಕೆ. ಕೈ ಸುಮ್ಮನಿದ್ದಾಗಲೇ ನಡುಕ ಕಾಣಿಸುವುದು, ಕಸುವು ಕುಂದುವುದು, ಮೈ ಮುಂದಕ್ಕೆ ಬಾಗುವುದು, ನಡಿಗೆ ಅರಿವಿಲ್ಲದೆಯೇ ಓಟಕ್ಕೆ ತಿರುಗುವುದು, ಇವನ್ನೆಲ್ಲ ಕ್ರಮವಾಗಿ ಹೇಳಿದನು. ಒಂದು ಕೈಯಲ್ಲಿ ಅಲ್ಪವಾಗಿ ಮೊದಲಾದದ್ದು ತಿಂಗಳು ವರ್ಷಗಳಲ್ಲಿ ಇನ್ನೊಂದು ಅಂಗಕ್ಕೆ ಹಬ್ಬುವ ಬಗೆಯನ್ನೂ, ಕೊನೆಗೆ ತುತ್ತು ಬಾಯಿಗೆ ಸೇರದ, ಮಾತು ಕೇಳಿಸದ, ನಿದ್ದೆ ಹತ್ತದ ಸ್ಥಿತಿಯನ್ನೂ ಬಣ್ಣಿಸಿದನು. ಭರತಖಂಡದ ವೈದ್ಯರು ಇಂಥ ನಡುಕವನ್ನು ಬಹು ಹಿಂದೆಯೇ ಕಂಪವಾತವೆಂದು ಕಂಡಿದ್ದರು. ಯೂರೋಪಿನ ಪ್ರಾಚೀನರೂ ನಡುಕವನ್ನು ಅರಿಯದವರಲ್ಲ. ಆದರೆ ಬಗೆಬಗೆಯ ನಡುಕಗಳ ಗುಂಪಿನಿಂದ ಈ ಒಂದನ್ನು ಬಿಡಿಸಿ ಅದರ ಆದಿ ಅಂತ್ಯಗಳನ್ನು ಬರೆದಿಟ್ಟವನು ಪಾರ್ಕಿನ್‌ಸನ್.

ಆತನಿಗೆ ತಿಳಿಯದೆ ಹೋದ ಸಂಗತಿಗಳೂ ಇದ್ದವು. ಸ್ನಾಯುಗಳ ಬಿಗಿತ ಈ ರೋಗದ ಮುಖ್ಯ ಲಕ್ಷಣವೆಂಬುದು ಆತನ ಗಮನಕ್ಕೆ ಬರಲಿಲ್ಲ. ಬುದ್ಧಿಗೆ ಯಾವ ಕುಂದೂ ಬರದೆಂದು ನಂಬಿದನು. ಕೆಲವರಲ್ಲಿ ವರ್ಷಗಳು ಕಳೆದಂತೆ ಮರೆವು ಸೇರಿಕೊಳ್ಳುವುದು ಈಗ ತಿಳಿದಿದೆ. ರೋಗದ ನೆಲೆ ಕುತ್ತಿಗೆಯ ಮೇಲ್ಭಾಗದ ಬೆನ್ನುಹುರಿಯಲ್ಲಿ ಇರಬೇಕೆಂದು ಊಹಿಸಿ, ಅಲ್ಲಿಂದ ರಕ್ತ ತೆಗೆಯುವ ಚಿಕಿತ್ಸೆಯನ್ನು ಸೂಚಿಸಿದನು. ಅಂದಿನ ವೈದ್ಯರಿಗೆ ರಕ್ತವೆಂದರೆ ಹೊರಕ್ಕೆ ಹರಿಸುವ ವಸ್ತು. ಅದನ್ನು ಅಳೆದು ಓದುವ ಉಪಾಯ ಅವರ ಕೈಯಲ್ಲಿರಲಿಲ್ಲ. ಸತ್ತ ರೋಗಿಯ ಮೆದುಳನ್ನು ಪರೀಕ್ಷಿಸುವ ಅವಕಾಶವೂ ಆತನಿಗೆ ದೊರೆಯಲಿಲ್ಲ. ಆ ಕೊರತೆಯನ್ನು ಸ್ವತಃ ಒಪ್ಪಿಕೊಂಡು, ಮುಂದಿನವರು ಆ ಕೆಲಸಕ್ಕೆ ಕೈಹಾಕಲೆಂಬ ಆಸೆಯಿಂದಲೇ ಅಪೂರ್ಣವಾದ ಪ್ರಬಂಧವನ್ನು ಹೊರತಂದನು. ಪೂರ್ಣವಾಗುವ ತನಕ ಬಚ್ಚಿಟ್ಟಿದ್ದರೆ ಅದು ನಮಗೆ ದೊರೆಯುತ್ತಲೇ ಇರಲಿಲ್ಲ.

೧೮೨೪ರ ಡಿಸೆಂಬರಿನಲ್ಲಿ ಆತನಿಗೇ ಲಕ್ವ ಹೊಡೆದು ಬಲಪಕ್ಕ ಸ್ವಾಧೀನ ತಪ್ಪಿತು; ಮಾತು ನಿಂತಿತು. ಅದೇ ತಿಂಗಳ ೨೧ರಂದು ಆತನು ತೀರಿಕೊಂಡನು. ಆತನ ನಿಜವಾದ ಭಾವಚಿತ್ರವೆಂದು ಹೇಳಬಹುದಾದದ್ದು ಒಂದೂ ದೊರೆತಿಲ್ಲ. ಆತನದೆಂದು ಅಲ್ಲಲ್ಲಿ ಅಚ್ಚಾಗುವ ಛಾಯಾಚಿತ್ರ ಬೇರೆ ಯಾರದೋ. ಏಕೆಂದರೆ ಆತನು ಬದುಕಿದ್ದಾಗ ಮನುಷ್ಯರ ಛಾಯಾಚಿತ್ರ ತೆಗೆಯುವ ವಿದ್ಯೆಯೇ ಇರಲಿಲ್ಲ. ಸುಮಾರು ಐವತ್ತು ವರ್ಷಗಳ ಮೇಲೆ ಪ್ಯಾರಿಸ್ಸಿನ ಮಹಾವೈದ್ಯ ಷಾರ್ಕೋ ಆ ಪ್ರಬಂಧವನ್ನು ಅರಸಿ ಓದಿ, ಬಿಗಿತದ ಲಕ್ಷಣವನ್ನು ಸೇರಿಸಿ, ನಡುಕವಿಲ್ಲದೆಯೂ ಈ ರೋಗವಿರಬಹುದೆಂದು ತೋರಿಸಿ, ಇದಕ್ಕೆ ಪಾರ್ಕಿನ್‌ಸನ್ನನ ಹೆಸರನ್ನಿಟ್ಟನು.

ಇದಾದ ಮೇಲಿನ ಕಥೆ ವೇಗವಾಗಿ ಸಾಗುತ್ತದೆ. ೧೯೧೯ರಲ್ಲಿ ಟ್ರೆಟ್ಯಾಕಾಫನು ಮೆದುಳಿನ ಬುಡದಲ್ಲಿರುವ ಕಪ್ಪು ಬಣ್ಣದ ಒಂದು ಪದರಿನಲ್ಲಿ ಜೀವಕೋಶಗಳು ಅಳಿದಿರುವುದನ್ನು ತೋರಿಸಿದನು. ಆ ಕೋಶಗಳು ಡೋಪಮೀನ್ ಎಂಬ ರಾಸಾಯನಿಕವನ್ನು ತಯಾರಿಸುವವು, ರೋಗಿಗಳ ಮೆದುಳಿನಲ್ಲಿ ಅದು ಬಹಳ ಕಡಿಮೆಯಾಗಿದೆ ಎಂಬುದು ೧೯೬೦ರಲ್ಲಿ ವಿಯೆನ್ನಾದಲ್ಲಿ ಸಿದ್ಧವಾಯಿತು. ಅದನ್ನು ತುಂಬಿಕೊಡುವ ಲೆವೊಡೋಪ ಎಂಬ ಔಷಧಿ ೧೯೬೦ರ ದಶಕದಲ್ಲಿ ಬಂದಿತು. ಇಂದಿಗೂ ಅದೇ ಮುಖ್ಯ ಔಷಧಿ. ಈ ಲೆವೊಡೋಪವನ್ನು ೧೯೩೭ರಷ್ಟು ಹಿಂದೆಯೇ ಮದರಾಸಿನ ವಿಶ್ವವಿದ್ಯಾನಿಲಯದಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ಒಂದು ಬೀಜದಿಂದ ಬೇರ್ಪಡಿಸಿದ್ದರು. ಯಾವ ಬೀಜ? ನಮ್ಮ ಬೇಲಿಸಾಲಿನಲ್ಲೂ ಕಾಡಿನಂಚಿನಲ್ಲೂ ಹಬ್ಬುವ, ಮೈಗೆ ತಾಗಿದರೆ ತುರಿಕೆಯಿಂದ ಕುಣಿಸುವ ನಸುಗುನ್ನಿಯ ಬೀಜ! ಆಯುರ್ವೇದದಲ್ಲಿ ಅದಕ್ಕೆ ಆತ್ಮಗುಪ್ತಾ, ಕಪಿಕಚ್ಛು ಎಂಬ ಹೆಸರುಗಳಿವೆ. ಹಾಗೆಂದು ಯಾರೂ ಬೇಲಿಯಿಂದ ಬೀಜ ಕಿತ್ತು ತಿನ್ನಬಾರದು. ಬೀಜದಿಂದ ಬೀಜಕ್ಕೆ ಔಷಧಾಂಶ ಬೇರೆಯಾಗುತ್ತದೆ. ಪ್ರಮಾಣ ತಪ್ಪಿದರೆ ಅಪಾಯ.

ಈಗ ರಕ್ತದ ವಿಚಾರ. ಮಧುಮೇಹಕ್ಕೆ ಸಕ್ಕರೆಯನ್ನು ಅಳೆಯುವಂತೆ ಪಾರ್ಕಿನ್‌ಸನ್ ರೋಗಕ್ಕೂ ರಕ್ತದಲ್ಲಿ ಏನನ್ನಾದರೂ ಅಳೆದು ಖಚಿತವಾಗಿ ಹೇಳಬಾರದೇಕೆ? ಇದಕ್ಕೆ ಉತ್ತರ ನಮ್ಮ ಕುಮಟೆಯ ಕಡೆಯ ಗಜನಿ ಭೂಮಿಯನ್ನು ಕಂಡವರಿಗೆ ಸುಲಭವಾಗಿ ಹೊಳೆದೀತು. ಅಘನಾಶಿನಿಯ ಉಪ್ಪುನೀರು ಗದ್ದೆಗೆ ನುಗ್ಗದಂತೆ ಕಟ್ಟೆ ಕಟ್ಟಿ ಬಾಗಿಲು ಇಟ್ಟಿರುತ್ತಾರೆ. ಹೊಳೆಯ ನೀರನ್ನು ರುಚಿ ನೋಡಿ ಕಟ್ಟೆಯೊಳಗಿನ ಕಗ್ಗ ಬತ್ತದ ಸ್ಥಿತಿಯನ್ನು ಹೇಳಲು ಬರುವುದಿಲ್ಲ. ಮೆದುಳಿಗೂ ರಕ್ತಕ್ಕೂ ನಡುವೆ ಅಂಥದೇ ತಡೆಯಿದೆ. ಡೋಪಮೀನನ್ನೇ ಕೊಟ್ಟರೆ ಅದು ಆ ತಡೆಯನ್ನು ದಾಟದು. ಲೆವೊಡೋಪ ದಾಟುತ್ತದೆ, ಆದ್ದರಿಂದಲೇ ಅದು ಔಷಧಿಯಾಯಿತು. ಕೈ ನಡುಗತೊಡಗುವ ಹೊತ್ತಿಗೆ ಕರಿಯ ಪದರಿನ ಕೋಶಗಳಲ್ಲಿ ಬಹುಪಾಲು ಅಳಿದಿರುತ್ತವೆ. ಆದರೂ ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಅದರ ಸುಳಿವಿರುವುದಿಲ್ಲ.

ಹಾಗಿದ್ದರೂ ವಿಜ್ಞಾನಿಗಳು ಹುಡುಕುವುದನ್ನು ಬಿಡಲಿಲ್ಲ. ಹುಡುಕಿದಾಗ ಕೈಗೆ ಸಿಕ್ಕಿದ ಪದಾರ್ಥಗಳಲ್ಲಿ ಒಂದು ನಮ್ಮ ಹಳೆಯ ಪರಿಚಯದ ಯೂರಿಕ್ ಆಮ್ಲ! ಹವಾಯಿ ದ್ವೀಪಗಳ ಸುಮಾರು ಎಂಟು ಸಾವಿರ ಗಂಡಸರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು ೧೯೯೬ರಲ್ಲಿ ಪ್ರಕಟವಾಯಿತು. ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿದ್ದವರಲ್ಲಿ ಪಾರ್ಕಿನ್‌ಸನ್ ರೋಗ ಸುಮಾರು ಶೇಕಡಾ ೪೦ರಷ್ಟು ಕಡಿಮೆ ಕಂಡಿತ್ತು. ಬಳಿಕ ಬೇರೆ ದೇಶಗಳಲ್ಲಿಯೂ ರೋಗಿಗಳ ರಕ್ತದಲ್ಲಿ ಈ ಆಮ್ಲ ಸರಾಸರಿಯಾಗಿ ತುಸು ಕಡಿಮೆಯೆಂದು ತಿಳಿಯಿತು. ಈ ಆಮ್ಲಕ್ಕೆ ಜೀವಕೋಶಗಳನ್ನು ಒಂದು ಬಗೆಯ ರಾಸಾಯನಿಕ ಸವೆತದಿಂದ ಕಾಯುವ ಗುಣವಿದೆ. ತನ್ನ ಹೆಬ್ಬೆರಳನ್ನು ಸುಟ್ಟ ಪದಾರ್ಥಕ್ಕೂ ತಾನು ಬೀದಿಯಲ್ಲಿ ಕಂಡ ನಡುಕಕ್ಕೂ ಇಂಥ ಹಗೆತನವಿದ್ದೀತೆಂದು ಪಾರ್ಕಿನ್‌ಸನ್ನನು ಕನಸಿನಲ್ಲಾದರೂ ಎಣಿಸಿದ್ದನೇ!

ಹಾಗಾದರೆ ಆಮ್ಲವನ್ನು ಏರಿಸಿದರೆ ರೋಗ ನಿಧಾನವಾದೀತೇ? ಇದನ್ನೂ ಪರೀಕ್ಷಿಸಿದ್ದಾಯಿತು. ಅಮೆರಿಕದಲ್ಲಿ ೨೯೮ ರೋಗಿಗಳಲ್ಲಿ ಕೆಲವರಿಗೆ ಆಮ್ಲವನ್ನು ಏರಿಸುವ ಇನೊಸಿನ್ ಎಂಬ ಔಷಧಿಯನ್ನೂ ಕೆಲವರಿಗೆ ಬರಿಯ ಹುಸಿಗುಳಿಗೆಯನ್ನೂ ಕೊಟ್ಟು ನೋಡಿದರು. ೨೦೨೧ರಲ್ಲಿ ಫಲಿತಾಂಶ ಪ್ರಕಟವಾಯಿತು: ರಕ್ತದಲ್ಲಿ ಆಮ್ಲವೇನೋ ಏರಿತು, ರೋಗದ ನಡೆ ಮಾತ್ರ ಬದಲಾಗಲಿಲ್ಲ; ಮೂತ್ರಪಿಂಡದ ಕಲ್ಲುಗಳು ಹೆಚ್ಚಾದವು. ಎರಡು ಸಂಗತಿಗಳು ಒಟ್ಟಿಗೆ ಕಂಡಮಾತ್ರಕ್ಕೆ ಒಂದು ಇನ್ನೊಂದರ ಕಾರಣವಲ್ಲವೆಂದು ತರ್ಕಶಾಸ್ತ್ರದ ತರಗತಿಯಲ್ಲಿ ನಾವು ಓದುವ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ರೋಗವಿದ್ದವರ ಮತ್ತು ಇಲ್ಲದವರ ಅಂಕೆಗಳು ಒಂದರೊಳಗೊಂದು ಬೆರೆತಿರುವುದರಿಂದ, ಒಬ್ಬ ವ್ಯಕ್ತಿಯ ಯೂರಿಕ್ ಆಮ್ಲ ನೋಡಿ ಆತನಿಗೆ ಪಾರ್ಕಿನ್‌ಸನ್ ಇದೆಯೆಂದಾಗಲಿ ಇಲ್ಲವೆಂದಾಗಲಿ ಹೇಳಲಾಗದು.

ರೋಗಿಗಳ ಮೆದುಳಿನಲ್ಲಿ ಗಂಟುಕಟ್ಟುವ ಆಲ್ಫಾ ಸೈನುಕ್ಲಿಯಿನ್ ಎಂಬ ಪ್ರೋಟೀನನ್ನು ಬೆನ್ನುಹುರಿಯ ದ್ರವದಲ್ಲಿ ಪತ್ತೆಹಚ್ಚುವ ಪರೀಕ್ಷೆಯನ್ನು ೧,೧೨೩ ಮಂದಿಯಲ್ಲಿ ನಡೆಸಿ ೨೦೨೩ರಲ್ಲಿ ಪ್ರಕಟಿಸಿದರು; ಅದು ಭರವಸೆ ಹುಟ್ಟಿಸಿದೆ. ಅದನ್ನೇ ರಕ್ತದಲ್ಲಿ ಮಾಡುವ ಪ್ರಯತ್ನ ಸಾಗಿದೆ. ನರತಂತುವಿನ ಸವೆತದಿಂದ ರಕ್ತಕ್ಕೆ ಸೋರುವ ಇನ್ನೊಂದು ಪ್ರೋಟೀನು, ಪಾರ್ಕಿನ್‌ಸನ್ನನ್ನು ಅದನ್ನು ಹೋಲುವ ಬೇರೆ ತೀವ್ರ ರೋಗಗಳಿಂದ ಬೇರ್ಪಡಿಸಲು ನೆರವಾಗುತ್ತದೆ. ಆದರೆ ಆಸ್ಪತ್ರೆಯಲ್ಲಿ ವೈದ್ಯನು ಇಂದಿಗೂ ರೋಗವನ್ನು ನಿರ್ಧರಿಸುವುದು ಮುಖ್ಯವಾಗಿ ೧೮೧೭ರ ವಿಧಾನದಿಂದಲೇ: ರೋಗಿಯ ನಡಿಗೆ ನೋಡಿ, ಕೈ ನೋಡಿ, ಮುಖ ನೋಡಿ, ಕಥೆ ಕೇಳಿ.

ಇದು ಬರಿಯ ಪಾಂಡಿತ್ಯದ ಮಾತಲ್ಲ. ಬೆಳಕೆಯ ಕಡೆ ನನ್ನ ಬಂಧುಗಳಲ್ಲಿ ಹಿರಿಯರೊಬ್ಬರಿದ್ದರು. ಹವ್ಯಾಸಕ್ಕೆ ಮದ್ದಳೆ ನುಡಿಸುತ್ತಿದ್ದವರು. ಅವರ ಬಲಗೈ ಕ್ರಮೇಣ ಜಡವಾಯಿತು. ನಡೆಯುವಾಗ ಆ ಕೈ ಬೀಸುವುದು ನಿಂತಿತು. ಅಕ್ಷರ ಸಣ್ಣದಾಗುತ್ತ ಹೋಯಿತು. ಮುಖದಲ್ಲಿ ನಗು ಮಾಸಿತು. ಮನೆಯವರು ರಕ್ತಪರೀಕ್ಷೆ ಮಾಡಿಸಿದರು. ಸಕ್ಕರೆ, ಥೈರಾಯ್ಡ್, ಮೂತ್ರಪಿಂಡ ಎಲ್ಲವೂ ಸರಿ. ವರದಿಯಲ್ಲಿ ಏನೂ ಇಲ್ಲವೆಂದ ಮೇಲೆ ಅಜ್ಜನಿಗೆ ರೋಗವಿಲ್ಲ, ಪ್ರಾಯ ಮತ್ತು ಸೋಮಾರಿತನ ಎಂದು ತೀರ್ಮಾನವಾಯಿತು. ಎರಡು ವರ್ಷ ಹೀಗೆಯೇ ಕಳೆಯಿತು. ಸಂತೆಯಲ್ಲಿ ಅವರ ನಡಿಗೆ ನೋಡಿ ಕುಡಿದಿದ್ದಾರೆಂದು ನಕ್ಕವರೂ ಉಂಟು. ಕೊನೆಗೆ ನರರೋಗದ ವೈದ್ಯರೊಬ್ಬರು ಅವರನ್ನು ಹತ್ತು ಹೆಜ್ಜೆ ನಡೆಸಿ, ಬೆರಳು ಮಡಚಿಸಿ ಬಿಡಿಸಿ, ರೋಗವನ್ನು ಹೇಳಿದರು. ಔಷಧಿ ಹಿಡಿದ ಮೇಲೆ ಅವರು ತಮ್ಮ ಕೈಯಿಂದಲೇ ಉಣ್ಣುವಂತಾದರು. ರೋಗ ವಾಸಿಯಾಗಲಿಲ್ಲ, ಅದಕ್ಕೆ ಇನ್ನೂ ಔಷಧಿಯಿಲ್ಲ. ಆದರೆ ಸೋಮಾರಿಯೆಂಬ ಮಾತು ಅವರ ಮೇಲಿಂದ ಇಳಿಯಿತು. ಹಾಗೆಂದು ಆ ರಕ್ತಪರೀಕ್ಷೆ ವ್ಯರ್ಥವಾಗಿರಲಿಲ್ಲ. ಥೈರಾಯ್ಡಿನ ಏರಿಳಿತ, ಎಳೆಯರಲ್ಲಿ ತಾಮ್ರದ ದೋಷ, ಬಿ೧೨ ಜೀವಸತ್ವದ ಕೊರತೆ ಮುಂತಾದ, ಚಿಕಿತ್ಸೆಯಿಂದ ಹೋಗಲಾಡಿಸಬಹುದಾದ ಬೇರೆ ಕಾರಣಗಳನ್ನು ಅದು ತೆಗೆದುಹಾಕುತ್ತದೆ. ಅದು ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬ ವಿವೇಕ ನಮಗೆ ಬೇಕು.

ನಮ್ಮ ನಾಡೂ ಈ ಶೋಧನೆಯಲ್ಲಿ ಹಿಂದೆ ಬಿದ್ದಿಲ್ಲ. ಬೆಂಗಳೂರಿನಲ್ಲಿ ೧೯೫೪ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ೧೯೭೪ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿ ಮರಣಾನಂತರ ದಾನವಾಗಿ ಬಂದ ಮೆದುಳುಗಳನ್ನು ಕಾಪಾಡುವ ಭಂಡಾರವಿದೆ. ಭಾರತೀಯರ ನಿರೋಗಿ ಮೆದುಳುಗಳ ಕರಿಯ ಪದರಿನಲ್ಲಿ ವರ್ಣಕೋಶಗಳು ಇಂಗ್ಲೆ‌ಂಡಿನವರಿಗಿಂತ ಸುಮಾರು ಶೇಕಡಾ ೪೦ರಷ್ಟು ಕಡಿಮೆಯೆಂದೂ, ವಯಸ್ಸಾದಂತೆ ಅವು ಸವೆಯುವುದಿಲ್ಲವೆಂದೂ ಅಲ್ಲಿಯ ವಿಜ್ಞಾನಿಗಳು ೧೯೯೮ರಲ್ಲಿ ತೋರಿಸಿದರು. ಎಂದಮೇಲೆ ಕೈನಡುಕವನ್ನು ಮುಪ್ಪಿನ ಸಹಜ ಫಲವೆಂದು ತಳ್ಳಿಹಾಕುವ ನಮ್ಮ ರೂಢಿಗೆ ಆಧಾರವೆಲ್ಲಿ? ಸತ್ತವರ ಮೆದುಳನ್ನು ನೋಡಬೇಕೆಂದು ಪಾರ್ಕಿನ್‌ಸನ್ನನು ಬಯಸಿದ್ದ ಕೆಲಸ ಹೀಗೆ ಕನ್ನಡನಾಡಿನಲ್ಲಿಯೂ ನಡೆದಿದೆ.

೨೦೧೯ರ ಅಂದಾಜಿನಂತೆ ಜಗತ್ತಿನಲ್ಲಿ ೮೫ ಲಕ್ಷಕ್ಕೂ ಹೆಚ್ಚು ಮಂದಿ ಈ ರೋಗದಿಂದ ಬಳಲುತ್ತಿದ್ದರು. ಆತನ ಹುಟ್ಟುಹಬ್ಬವಾದ ಏಪ್ರಿಲ್ ೧೧ನ್ನು ಈ ರೋಗಿಗಳ ದಿನವಾಗಿ ಲೋಕ ಆಚರಿಸುತ್ತದೆ. ಪದವಿಯಿಲ್ಲದ ಒಬ್ಬ ಬಡಾವಣೆಯ ವೈದ್ಯನಿಗೆ ಇದು ದೊಡ್ಡ ಸ್ಮಾರಕವೇ ಸರಿ. ಆದರೆ ಆತನಿಂದ ನಾವು ಕಲಿಯಬೇಕಾದದ್ದು ಇದಕ್ಕಿಂತ ಸರಳ. ಹಂದಿಗಳ ಹಿಂಡೆಂದು ದೊಡ್ಡವರು ಕಡೆಗಣಿಸಿದ ಜನರ ಪರವಾಗಿ ಬರೆದ ಕೈಯೇ, ಬೀದಿಯಲ್ಲಿ ಎಡವುತ್ತ ಹೋಗುತ್ತಿದ್ದ ಹಳೆಯ ನಾವಿಕನ ಕಥೆಯನ್ನೂ ಬರೆದಿಟ್ಟಿತು. ಎರಡಕ್ಕೂ ಬೇಕಾದ ಗುಣ ಒಂದೇ: ದಾರಿಯಲ್ಲಿ ಸಿಕ್ಕ ಮನುಷ್ಯನನ್ನು ನೋಡದೆ ಮುಂದೆ ಹೋಗದಿರುವುದು. ಭಟ್ಕಳ, ಹೊನ್ನಾವರ, ಕುಮಟೆಗಳ ಪೇಟೆಯಲ್ಲಿ, ಬಸ್ಸಿನ ಮೆಟ್ಟಿಲ ಬಳಿ, ಹೆಜ್ಜೆ ಕೀಳಲಾರದೆ ನಿಂತ ಹಿರಿಯರು ನಮಗೂ ಎದುರಾಗುತ್ತಾರೆ. ನಾವು ವೈದ್ಯರಲ್ಲದಿರಬಹುದು, ಒಂದು ಗಳಿಗೆ ನಿಂತು ನೋಡಲು, ಕೈಯಾಸರೆ ಕೊಡಲು, ಇದು ಪ್ರಾಯವಲ್ಲ, ಸರಿಯಾದ ವೈದ್ಯರಿಗೆ ತೋರಿಸಿ ಎಂದು ಮನೆಯವರಿಗೆ ಹೇಳಲು ಪದವಿ ಬೇಕಾಗಿಲ್ಲ.